ಕಲ್ಲಿನ ರಥದ ಮುಂದೆ ಅವ್ವ

ಕಳೆದ ಡಿಸೆಂಬರಿನಲ್ಲಿ ಹಂಪಿಯ ವಿಠ್ಠಲ ದೇವಾಲಯದ ಅಂಗಳದಲ್ಲಿ ಒಂದು ಕುಟುಂಬ ಕಲ್ಲಿನ ರಥದ ಮುಂದೆ ಫೋಟೊಕ್ಕೆ ನಿಲ್ಲುತ್ತಿತ್ತು. ನಡುವೆ ಇಳಕಲ್ ಸೀರೆಯ ಅಜ್ಜಿ, ಅವಳ ಎರಡೂ ಪಕ್ಕ ಮೊಮ್ಮಕ್ಕಳು, ಹಿಂದೆ ಮಗ. ಸೊಸೆಯ ಕೈಯಲ್ಲಿ ಮೊಬೈಲು. "ಅತ್ತಿ, ಸ್ವಲ್ಪ ಈ ಕಡೆ ಸರೀರಿ, ಗಾಲಿ ಕಾಣವಲ್ದು" ಎನ್ನುತ್ತಿದ್ದಳು. ನನ್ನ ಪಕ್ಕದಲ್ಲಿ ನಿಂತಿದ್ದ, ಓದಿಕೊಂಡವರಂತೆ ಕಾಣುತ್ತಿದ್ದ ಒಬ್ಬರು ತಮ್ಮ ಗೆಳೆಯರಿಗೆ ಹೇಳಿದರು: "ಇವರೆಲ್ಲ ನೋಡೋಕೆ ಬಂದವರಲ್ಲ, ಫೋಟೊ ಹೊಡ್ಕೊಳ್ಳೋಕೆ ಬಂದವರು." ಆಕೆಗೂ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದರು. ಆಕೆ ಒಂದು ಕ್ಷಣ ಮೊಬೈಲು ಕೆಳಗಿಳಿಸಿದಳು. ಆಮೇಲೆ ಅವಸರದಲ್ಲಿ ಒಂದೇ ಒಂದು ಫೋಟೊ ತೆಗೆದು, ಎಲ್ಲರನ್ನೂ ಕರೆದುಕೊಂಡು ಹೊರಟುಬಿಟ್ಟಳು.

ಆ ಮಾತು ಅವರೊಬ್ಬರ ಸ್ವಂತದ್ದಲ್ಲ. ಪತ್ರಿಕೆಗಳ ಭಾನುವಾರದ ಪುರವಣಿಗಳಲ್ಲಿ, ಪ್ರವಾಸಕಥನಗಳ ಮುನ್ನುಡಿಗಳಲ್ಲಿ, ಕಾಲೇಜು ಮೇಷ್ಟ್ರುಗಳ ಉಪದೇಶದಲ್ಲಿ ಅದನ್ನು ನಾವೆಲ್ಲ ಕೇಳಿದ್ದೇವೆ. ಕ್ಯಾಮೆರಾ ಕೆಳಗಿಡಿ, ಕಣ್ಣಿನಿಂದ ನೋಡಿ. ಸ್ಮಾರಕದ ಮುಂದೆ ನಿಮ್ಮ ಮುಖ ತಂದು ನಿಲ್ಲಿಸಬೇಡಿ. ಫೋಟೊ ತೆಗೆಯುವವರಿಗೆ ಅನುಭವ ದಕ್ಕುವುದಿಲ್ಲ. ಯಾರೂ ಇದಕ್ಕೆ ಎದುರಾಡುವುದಿಲ್ಲ. ಫೋಟೊ ತೆಗೆದವರೇ ಏನೋ ತಪ್ಪು ಮಾಡಿದವರಂತೆ ಸಂಕೋಚಪಡುತ್ತಾರೆ. ಈ ಅಭಿಪ್ರಾಯ ತಪ್ಪೆಂದು ನಾನು ಹೇಳುತ್ತೇನೆ. ಹಂಪಿಗೆ ಜೀವಮಾನದಲ್ಲಿ ಒಂದೇ ಸಲ ಬರುವವರ ಮಟ್ಟಿಗೆ ಅದು ನಿರ್ದಯವೂ ಹೌದು.

ನಮ್ಮ ಮನೆಯಲ್ಲಿ 1984ರ ಒಂದು ಫೋಟೊ ಇದೆ. ಅಂಗೈಯಗಲದ ಚೌಕ, ಕಪ್ಪುಬಿಳುಪು. ಕಲ್ಲಿನ ರಥದ ಮುಂದೆ ಅವ್ವ, ಅಪ್ಪ, ಸೋದರತ್ತೆ, ನನ್ನ ತಂಗಿ. ರಥದ ಮುಂದಿನ ಆನೆಯ ಮೇಲೆ ನಾನು. (ಈಗ ರಥದ ಸುತ್ತ ತಡೆ ಹಾಕಿದ್ದಾರೆ, ಮಕ್ಕಳನ್ನು ಆನೆಯ ಮೇಲೆ ಕೂರಿಸುವಂತಿಲ್ಲ, ಕೂರಿಸಲೂ ಬಾರದು. ಆಗ ನಮಗೆ ಯಾರೂ ಹೇಳಿರಲಿಲ್ಲ.) ಕ್ಯಾಮೆರಾ ಮಾವನಿಂದ ಕೇಳಿ ತಂದ ಆಗ್ಫಾ ಕ್ಲಿಕ್ ತ್ರೀ. ಒಂದು ರೋಲಿಗೆ ಹನ್ನೆರಡೇ ಫೋಟೊ. ಅದರಲ್ಲಿ ಒಂಬತ್ತನ್ನು ಸೋದರತ್ತೆಯ ಮದುವೆಗೆ ಉಳಿಸಬೇಕಿತ್ತು, ಹಂಪಿಗೆ ಸಿಕ್ಕಿದ್ದು ಮೂರು. ಅಪ್ಪನೂ ಫೋಟೊದಲ್ಲಿ ಇರಲಿ ಎಂದು ಅವ್ವ ಹಟ ಹಿಡಿದದ್ದರಿಂದ ಅಲ್ಲೇ ಎಳನೀರು ಮಾರುತ್ತಿದ್ದವನ ಕೈಗೆ ಕ್ಯಾಮೆರಾ ಕೊಟ್ಟರು. ಅವನು ಅದನ್ನು ತುಸು ವಾಲಿಸಿ ಹಿಡಿದ. ರಥದ ಒಂದು ಗಾಲಿ ಅರ್ಧ ಕತ್ತರಿಸಿಹೋಯಿತು, ಅವ್ವನ ಸೆರಗು ಗಾಳಿಗೆ ಹಾರಿ ಅತ್ತೆಯ ಮುಖಕ್ಕೆ ಅಡ್ಡ ಬಂತು.

ಅವ್ವ ಮತ್ತೆ ಹಂಪಿಗೆ ಹೋಗಲಿಲ್ಲ. ಗದಗದಿಂದ ಹೊಸಪೇಟೆ ಎಷ್ಟು ದೂರ ಎಂದು ಕೇಳಬಹುದು. ಮನೆಯಲ್ಲಿ ಎಮ್ಮೆ, ಹೊಲದಲ್ಲಿ ಶೇಂಗಾ, ಹಾಸಿಗೆ ಹಿಡಿದ ಅತ್ತೆ ಇರುವ ಹೆಂಗಸಿಗೆ ಅದು ಬಹಳ ದೂರ. ಅವಳ ಪಾಲಿನ ಹಂಪಿ ಒಂದು ಮಧ್ಯಾಹ್ನದಲ್ಲಿ ಮುಗಿಯಿತು. ಉಳಿದ ಮೂವತ್ತು ವರ್ಷ ಅವಳು ಹಂಪಿಯನ್ನು ನೋಡಿದ್ದು ಆ ಫೋಟೊದಲ್ಲಿ. ಮನೆಗೆ ಬಂದವರಿಗೆಲ್ಲ ತೋರಿಸುವಾಗ ಅವಳು ರಥದ ವಿಷಯ ಹೇಳುತ್ತಿದ್ದಳು, ಕಲ್ಲಿನ ಕಂಬಗಳಿಂದ ಸ್ವರ ಬರುವುದನ್ನು ಹೇಳುತ್ತಿದ್ದಳು, ಹೊಳೆ ದಂಡೆಯಲ್ಲಿ ಬುತ್ತಿ ಬಿಚ್ಚಿದ್ದನ್ನು ಹೇಳುತ್ತಿದ್ದಳು. ಆ ಫೋಟೊ ಇಲ್ಲದಿದ್ದರೆ ಈ ಮಾತುಗಳಿಗೆ ದಾರಿಯೇ ಇರುತ್ತಿರಲಿಲ್ಲ. ಮತ್ತೆ ಬರಬಲ್ಲವರು, ಬೇಕೆಂದಾಗ ಹಂಪಿಯ ಮೇಲಿನ ಪುಸ್ತಕ ತೆರೆಯಬಲ್ಲವರು, ಒಂದೇ ಸಲ ಬರುವವಳಿಗೆ "ಕಣ್ಣಿನಿಂದ ನೋಡು ಸಾಕು" ಎಂದು ಹೇಳುವ ಹಕ್ಕು ಎಲ್ಲಿಂದ ಪಡೆದರು?

ಫೋಟೊ ತೆಗೆಯುವವರು ನೋಡುವುದಿಲ್ಲ ಎಂಬ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಕಲ್ಲಿನ ರಥಕ್ಕೆ ಮೊದಲು ಕಟ್ಟಿದ್ದು ಆನೆಗಳಲ್ಲ, ಕುದುರೆಗಳು. ಈಗಿನ ಆನೆಗಳ ಹಿಂದೆ ಕುದುರೆಯ ಹಿಂಗಾಲು, ಬಾಲದ ಕೆತ್ತನೆ ಇನ್ನೂ ಉಳಿದಿದೆ. ನಾನು ಆ ಆನೆಯ ಮೇಲೆ ಕೂತವನು; ಕೂತಾಗ ಅದನ್ನು ನೋಡಲಿಲ್ಲ. ಕಾಲೇಜಿಗೆ ಹೋಗುವಾಗ ಒಂದು ದಿನ ಆ ವಾಲಿದ ಫೋಟೊದಲ್ಲಿ ಕಂಡೆ. ಎಳನೀರಿನವನು ಗಾಲಿಯನ್ನು ಕತ್ತರಿಸಿದ್ದ, ಬಾಲವನ್ನು ಉಳಿಸಿದ್ದ. ಆಮೇಲೆ ಪುಸ್ತಕ ಹುಡುಕಿದೆ, ಓದಿದೆ, ಹಂಪಿಗೆ ಮತ್ತೆ ಮತ್ತೆ ಹೋದೆ. ವಿಜಯನಗರದ ಬಗ್ಗೆ ನನಗೆ ತಿಳಿದದ್ದೆಲ್ಲ ಶುರುವಾದದ್ದು ಆ ಬಾಲದಿಂದ.

ಇದು ನನ್ನೊಬ್ಬನ ಕಥೆ, ಪುರಾವೆಯಲ್ಲ ಎನ್ನುವವರು ಸಾಮಾನ್ಯವಾಗಿ ಒಂದು ಅಧ್ಯಯನವನ್ನು ಮುಂದಿಡುತ್ತಾರೆ. ಅಮೆರಿಕದ ಮನೋವಿಜ್ಞಾನಿ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ್ದು. ವಸ್ತುಸಂಗ್ರಹಾಲಯದಲ್ಲಿ ಫೋಟೊ ತೆಗೆದ ವಸ್ತುಗಳು ಸುಮ್ಮನೆ ನೋಡಿದ ವಸ್ತುಗಳಷ್ಟು ನೆನಪಿನಲ್ಲಿ ಉಳಿಯಲಿಲ್ಲ ಎಂಬುದು ಅದರ ಸಾರವೆಂದು ಎಲ್ಲರೂ ಹೇಳುತ್ತಾರೆ. ಅರ್ಧ ಮಾತ್ರ ಹೇಳುತ್ತಾರೆ. ಅಲ್ಲಿ ಯಾವುದರ ಫೋಟೊ ತೆಗೆಯಬೇಕೆಂದು ವಿದ್ಯಾರ್ಥಿಗಳಿಗೆ ಮೊದಲೇ ಹೇಳಿಕೊಟ್ಟಿದ್ದರು, ಆಯ್ಕೆ ಅವರದ್ದಾಗಿರಲಿಲ್ಲ. ಅಷ್ಟಾದರೂ, ವಸ್ತುವಿನ ಒಂದು ಭಾಗವನ್ನು ಹತ್ತಿರಕ್ಕೆ ಎಳೆದು ತೆಗೆದಾಗ ನೆನಪು ಕುಂದಲಿಲ್ಲ. 2017ರಲ್ಲಿ ಅಲಿಕ್ಸಾಂಡ್ರಾ ಬರಾಶ್ ಮತ್ತು ಜೊತೆಗಾರರು ಜನರಿಗೆ ತಮಗಿಷ್ಟವಾದದ್ದನ್ನು ತೆಗೆಯಲು ಬಿಟ್ಟು ನೋಡಿದರು. ಕ್ಯಾಮೆರಾ ಇದ್ದವರಿಗೆ ಕಣ್ಣಿಗೆ ಕಂಡದ್ದು ಹೆಚ್ಚು ನೆನಪಿತ್ತು, ಕಿವಿಗೆ ಬಿದ್ದದ್ದು ಕಡಿಮೆ. ಕಿವಿಯ ಈ ನಷ್ಟವನ್ನು ನಾನು ಒಪ್ಪುತ್ತೇನೆ. ಗೈಡು ಮಾತಾಡುವಾಗ ಮೊಬೈಲು ಜೇಬಿನಲ್ಲಿರಲಿ, ಅವನು ಮುಗಿಸಿದ ಮೇಲೆ ಹೊರತೆಗೆಯಿರಿ. ಆದರೆ ಕಣ್ಣಿನ ವಿಷಯದಲ್ಲಿ ಮೇಷ್ಟ್ರುಗಳ ಉಪದೇಶ ತಲೆಕೆಳಗಾಗಿದೆ. ಗಾಲಿ ಕಾಣಲಿ ಎಂದು ಅತ್ತೆಯನ್ನು ಸರಿಸಿ ನಿಲ್ಲಿಸುತ್ತಿದ್ದ ಆ ಸೊಸೆ ಗಾಲಿಯನ್ನು ನೋಡುತ್ತಿದ್ದಳು. ಆಕೆಯನ್ನು ಹೀಗಳೆದವರು ನೋಡುತ್ತಿದ್ದದ್ದು ಆಕೆಯನ್ನು.

ಇನ್ನೊಂದು ಆರೋಪ ಇದಕ್ಕಿಂತ ಆಳದ್ದು. ದೊಡ್ಡ ಶಿಲ್ಪದ ಮುಂದೆ ನಮ್ಮ ಮುಖ ಇಡುವುದು ಅಹಂಕಾರ, ಸ್ವಮೋಹ, ಈ ಮೊಬೈಲು ಕಾಲದ ರೋಗ ಎನ್ನುತ್ತಾರೆ. ಹೀಗೆ ಹೇಳುವವರು ನಮ್ಮ ದೇವಾಲಯಗಳನ್ನು ಸರಿಯಾಗಿ ನೋಡಿಲ್ಲ. ತಿರುಮಲೆಯ ದೇವಸ್ಥಾನದೊಳಗೆ ಕಾಲಿಟ್ಟವರಿಗೆ ಕೃಷ್ಣದೇವರಾಯ ಕಾಣುತ್ತಾನೆ. ಒಂದು ಪಕ್ಕ ತಿರುಮಲದೇವಿ, ಇನ್ನೊಂದು ಪಕ್ಕ ಚಿನ್ನಾದೇವಿ, ಮೂವರೂ ಕೈಮುಗಿದು ನಿಂತ ಲೋಹದ ಪ್ರತಿಮೆಗಳು. ಯಾತ್ರೆಗೆ ಬಂದ ಒಬ್ಬ ಗೃಹಸ್ಥ ಹೆಂಡಂದಿರ ಜೊತೆ ತಾನು ಇಲ್ಲಿ ಬಂದು ನಿಂತಿದ್ದೆ ಎಂದು ಉಳಿಸಿಹೋದ ಗುರುತು ಅದು. ರಾಜನಲ್ಲದವರೂ ಇದನ್ನು ಮಾಡಿದ್ದಾರೆ. ವಿಜಯನಗರ ಕಾಲದ ಹಲವು ದೇವಾಲಯಗಳ ನೆಲಹಾಸಿನಲ್ಲಿ ದೀರ್ಘದಂಡ ಹಾಕಿದ ಭಕ್ತರ ಗೆರೆಚಿತ್ರಗಳಿವೆ, ಕೆಲವಕ್ಕೆ ಹೆಸರೂ ಉಂಟು. ಬೇಲೂರಿನಲ್ಲಿ ಜನ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲುವುದು ಕನ್ನಡಿಯಲ್ಲಿ ತನ್ನ ಮುಖ ತಾನೇ ನೋಡಿಕೊಳ್ಳುವ ದರ್ಪಣಸುಂದರಿಯ ಕೆಳಗೆ. ಅದೇ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ಮದನಿಕೆಯರ ಕೆಳಗೆ ಹೆಸರು ಕೆತ್ತಿದ್ದಾರೆ. ತಾನು ಇಲ್ಲಿದ್ದೆ ಎಂದು ಹೇಳಿಕೊಳ್ಳುವ ಆಸೆ ಈ ಕಲ್ಲುಗಳಷ್ಟೇ ಹಳೆಯದು, ಕಲ್ಲುಗಳ ಒಳಗೇ ಇದೆ. ಆ ಆಸೆಯನ್ನು ತೀರಿಸಿಕೊಳ್ಳಲು ಹಿಂದೆ ದಾನ ಕೊಡುವ ಶಕ್ತಿ ಬೇಕಿತ್ತು, ಶಿಲ್ಪಿ ಬೇಕಿತ್ತು. ಇವತ್ತು ಹಾವೇರಿಯ ಒಬ್ಬ ಹಮಾಲಿಗೂ ಅದು ಕೈಗೆಟಕುತ್ತದೆ. ಮೊಳೆಯಿಂದ ಗೋಡೆಯ ಮೇಲೆ ಹೆಸರು ಗೀಚುವವನಿಗೂ ಇದೇ ಆಸೆ. ಕಲ್ಲಿಗೆ ಗಾಯ ಮಾಡದೆ ಅದನ್ನು ತೀರಿಸುವ ದಾರಿ ಫೋಟೊ.

ಸ್ಮಾರಕದ ಚಿತ್ರ ಎಂದರೆ ಜನರಿಲ್ಲದ ಚಿತ್ರವಾಗಿರಬೇಕು ಎಂಬ ರುಚಿ ನಮಗೆ ಎಲ್ಲಿಂದ ಬಂತು ಎಂದು ಯೋಚಿಸಬೇಕು. ಹತ್ತೊಂಬತ್ತನೇ ಶತಮಾನದ ಪುರಾತತ್ವದ ಫೋಟೊಗಳನ್ನು ನೋಡಿ. ಗುಡಿಯ ಕಂಬದ ಪಕ್ಕ, ಬಾಗಿಲ ಚೌಕಟ್ಟಿನ ಕೆಳಗೆ, ಪಂಚೆಯುಟ್ಟ ಒಬ್ಬ ಮನುಷ್ಯ ನಿಂತಿರುತ್ತಾನೆ. ಕಂಬ ಎಷ್ಟು ಎತ್ತರ ಎಂದು ನೋಡುವವರಿಗೆ ಗೊತ್ತಾಗಲಿ ಎಂದು ಅವನನ್ನು ಅಳತೆಗೋಲಿನಂತೆ ನಿಲ್ಲಿಸಿದ್ದರು. ಚಿತ್ರದ ಅಡಿಯಲ್ಲಿ ಗುಡಿಯ ಹೆಸರಿದೆ, ಊರಿನ ಹೆಸರಿದೆ, ಫೋಟೊ ತೆಗೆದ ಸಾಹೇಬನ ಹೆಸರಿದೆ. ನಿಂತವನ ಹೆಸರಿಲ್ಲ. ಆ ಊರಿನವನು, ಪ್ರಾಯಶಃ ಆ ಗುಡಿಯ ಹಬ್ಬಕ್ಕೆ ವರ್ಷವೂ ಬರುತ್ತಿದ್ದವನು. ನಮ್ಮ ಅಜ್ಜಂದಿರು ಈ ದೇಶದ ಸ್ಮಾರಕಗಳ ಫೋಟೊಗಳೊಳಗೆ ಪ್ರವೇಶಿಸಿದ್ದು ಹೀಗೆ. ಇಳಕಲ್ ಸೀರೆಯ ಅಜ್ಜಿ ರಥದ ಮುಂದೆ ಮೊಮ್ಮಕ್ಕಳ ಹೆಗಲ ಮೇಲೆ ಕೈಯಿಟ್ಟು ನಿಂತಾಗ ಮೊದಲ ಸಲ ಕಲ್ಲಿನ ಪಕ್ಕದ ಮನುಷ್ಯನಿಗೆ ಹೆಸರು ಬಂತು, ಸಂಬಂಧ ಬಂತು. ಆ ಫೋಟೊದಲ್ಲಿ ಅವಳು ಯಾರಿಗೂ ಅಳತೆಗೋಲಲ್ಲ. ಅದನ್ನು ಕೆಳಮಟ್ಟದ್ದು ಎಂದು ಕರೆಯುವವರು ಆ ಹಳೆಯ ಸಾಹೇಬನ ಕಣ್ಣನ್ನೇ ತಮ್ಮದೆಂದು ತಿಳಿದಿದ್ದಾರೆ.

ಸಾಹೇಬರ ಫೋಟೊಗಳಿಂದ ಉಪಕಾರವಾಗಿಲ್ಲ ಎಂದು ನಾನು ಹೇಳುತ್ತಿಲ್ಲ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ 1856ರ ಸುಮಾರಿಗೆ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ಹಿಡಿದಿಟ್ಟ. ಅವನ ಕಲ್ಲಿನ ರಥದ ಫೋಟೊದಲ್ಲಿ, ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿದೆ. ಈಗ ಅದಿಲ್ಲ. ಐವತ್ತು ರೂಪಾಯಿ ನೋಟಿನ ಮೇಲೆ 2017ರಿಂದ ನಾವೆಲ್ಲ ಜೇಬಿನಲ್ಲಿಟ್ಟು ತಿರುಗುವ ರಥ ಶಿಖರ ಕಳೆದುಕೊಂಡ ರಥ. ಆ ಒಬ್ಬ ಮನುಷ್ಯ ಅಂದು ಕ್ಯಾಮೆರಾ ಎತ್ತಿದ್ದರಿಂದ ಆ ಶಿಖರ ಹೇಗಿತ್ತೆಂದು ನಾವು ಇಂದು ನೋಡಬಲ್ಲೆವು. ಒಂದು ಫೋಟೊಗೆ ಇಷ್ಟು ಬೆಲೆಯಿರುವಾಗ ಸಾವಿರಾರು ಮನೆಗಳ ಆಲ್ಬಮ್ಮುಗಳಿಗೆ ಬೆಲೆಯಿಲ್ಲವೆ?

ಬೆಲೆಯಿದೆ ಎಂಬುದಕ್ಕೆ ಹಂಪಿಯ ಬಜಾರವೇ ಸಾಕ್ಷಿ. ವಿರೂಪಾಕ್ಷ ದೇವಾಲಯದ ಮುಂದಿನ ತೇರುಬೀದಿಯ ಸಾಲುಮಂಟಪಗಳಲ್ಲಿ ಜನ ಸಂಸಾರ ಹೂಡಿದ್ದರು. ಚಹಾದಂಗಡಿ, ಬಳೆ ಅಂಗಡಿ, ಪುಸ್ತಕದ ಅಂಗಡಿ, ಬಾಡಿಗೆ ಸೈಕಲ್ಲು, ಒಣಹಾಕಿದ ಬಟ್ಟೆ, ಹೊಗೆಯಾಡುವ ಒಲೆ. 2011ರ ಜುಲೈಯಲ್ಲಿ ಆ ಮನೆ ಅಂಗಡಿಗಳನ್ನು ತೆರವು ಮಾಡಿದರು. ಸರಿಯೋ ತಪ್ಪೋ ಎಂಬ ಜಗಳ ಬೇರೆ, ಅದನ್ನು ಇಲ್ಲಿ ಎತ್ತುವುದಿಲ್ಲ. ಆದರೆ ಆ ಬೀದಿ ಹೇಗಿತ್ತೆಂದು ಇವತ್ತು ನೋಡಬೇಕಾದರೆ ಕಾಫಿಟೇಬಲ್ ಪುಸ್ತಕಗಳಲ್ಲಿ ಸಿಗುವುದು ಕಷ್ಟ. ಅವುಗಳಲ್ಲಿ ಬೆಳಗಿನ ಜಾವದ ಮಂಜು, ಖಾಲಿ ಬೀದಿ, ದೂರದ ಗೋಪುರ. ನಮ್ಮ ಮೂರು ಫೋಟೊಗಳಲ್ಲಿ ಒಂದು ಆ ಬೀದಿಯದ್ದು. ಅವ್ವ ಬಳೆ ಇಡಿಸಿಕೊಂಡು ಕೈ ಮುಂದೆ ಚಾಚಿ ನಿಂತಿದ್ದಾಳೆ. ಅವಳ ಹಿಂದೆ ಮಂಟಪದ ಕಂಬ, ಕಂಬಕ್ಕೆ ಕಟ್ಟಿದ ಜೋಳಿಗೆಯಲ್ಲಿ ಯಾರದ್ದೋ ಕೂಸು ಮಲಗಿದೆ. ಐದುನೂರು ವರ್ಷದ ಕಂಬಕ್ಕೆ ಜೋಳಿಗೆ ಕಟ್ಟಿದ ಆ ಜೀವನ ಅಳಿಸಿಹೋಯಿತು, ನಮ್ಮ ಫೋಟೊದಲ್ಲಿ ಉಳಿಯಿತು. ಅಪ್ಪ ತೆಗೆಯಬೇಕೆಂದುಕೊಂಡದ್ದು ಅವ್ವನ ಬಳೆಗಳನ್ನು.

ಹಾನಿಯ ಮಾತಿಗೆ ಬರೋಣ. ಫೋಟೊ ತೆಗೆಯುವವರ ದೆಸೆಯಿಂದ ಸ್ಮಾರಕಗಳು ಹಾಳಾಗುತ್ತಿವೆ ಎಂಬ ಗುಲ್ಲಿದೆ. 2019ರಲ್ಲಿ ಹಂಪಿಯಲ್ಲಿ ಕಂಬ ಉರುಳಿಸಿ ಅದರ ವಿಡಿಯೊ ಮಾಡಿದ ಯುವಕರು ಇದ್ದರು. ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿತು, ಅವರ ಕೈಯಿಂದಲೇ ಕಂಬವನ್ನು ಮತ್ತೆ ನಿಲ್ಲಿಸಿತು. ತಕ್ಕ ಶಿಕ್ಷೆ. ಸಂಗೀತ ಕಂಬಗಳನ್ನು ಬಡಿಯುವವರನ್ನು, ಶಿಲ್ಪದ ತೊಡೆಯ ಮೇಲೆ ಹತ್ತಿ ಕೂರುವವರನ್ನು, ಇಡೀ ಮಂಟಪಕ್ಕೆ ದೀಪ ಕಟ್ಟಿ ಅರ್ಧ ದಿನ ಮಿಕ್ಕವರನ್ನು ದೂರವಿಡುವ ಮದುವೆ ಚಿತ್ರೀಕರಣದವರನ್ನು ತಡೆಯಲೇಬೇಕು. ಆದರೆ ಅವರ ಪಾಪವನ್ನು ನೆಲದ ಮೇಲೆ ನಿಂತು ಮಕ್ಕಳ ಕೈ ಹಿಡಿದುಕೊಂಡ ಅಜ್ಜಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಜಂತಾದ ಗುಹೆಗಳು, ಲೇಹ್ ಅರಮನೆ, ತಾಜಮಹಲಿನ ಸಮಾಧಿ ಇರುವ ಒಳಭಾಗ, ಈ ಮೂರನ್ನು ಬಿಟ್ಟು ತನ್ನ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಜನ ಫೋಟೊ ತೆಗೆಯಬಹುದೆಂದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯೇ 2018ರಲ್ಲಿ ಹೇಳಿದೆ. ಇನ್ನು ಹಂಪಿ ಯುನೆಸ್ಕೊದ ಅಪಾಯದ ಪಟ್ಟಿಗೆ ಸೇರಿದ್ದು 1999ರಲ್ಲಿ. 2006ರವರೆಗೆ ಆ ಪಟ್ಟಿಯಲ್ಲಿತ್ತು. ಕಾರಣ ಆನೆಗೊಂದಿಯ ಕಡೆಗೆ ತುಂಗಭದ್ರೆಯ ಮೇಲೆ ಕಟ್ಟುತ್ತಿದ್ದ ಸೇತುವೆ, ಅದಕ್ಕೆ ಹೊಂದಿದ ರಸ್ತೆ. ಆ ಸೇತುವೆಯನ್ನು ಯಾವ ಕುಟುಂಬವೂ ಫೋಟೊ ತೆಗೆದು ಕಟ್ಟಿರಲಿಲ್ಲ.

ಹಾಗಾದರೆ ಹಂಪಿಯಲ್ಲಿ ಫೋಟೊ ತೆಗೆಯುವುದರಲ್ಲಿ ಏನೂ ಕೊರತೆಯಿಲ್ಲವೆ? ಇದೆ. ಅದು ಕ್ಯಾಮೆರಾದ್ದಲ್ಲ, ಅವಸರದ್ದು. ಎರಡು ದಿನದಲ್ಲಿ ತುಂಗಭದ್ರಾ ಅಣೆಕಟ್ಟು, ಹಂಪಿ, ಬಾದಾಮಿ, ಪಟ್ಟದಕಲ್ಲು ಎಲ್ಲ ಮುಗಿಸುತ್ತೇವೆ ಎನ್ನುವ ಬಸ್ಸುಗಳು ನಡುಮಧ್ಯಾಹ್ನದ ಬಿಸಿಲಿನಲ್ಲಿ ಜನರನ್ನು ಇಳಿಸಿ, ಮುಕ್ಕಾಲು ಗಂಟೆ ಕೊಟ್ಟು, ಹಾರ್ನು ಬಾರಿಸುತ್ತವೆ. ಬಂಡೆ ಕಾದು ಕೆಂಡವಾದ ಆ ಹೊತ್ತಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಸಾಲಾಗಿ ನಿಂತ ಮುಖಗಳಲ್ಲಿ ಹಂಪಿಯೂ ಇರುವುದಿಲ್ಲ, ಅವರೂ ಇರುವುದಿಲ್ಲ. ಇಂಥವರಿಗೆ "ಫೋಟೊ ಬೇಡ, ನೋಡಿ" ಎಂದರೆ ಅವರಿಗೆ ಮೊದಲೇ ಇಲ್ಲದ ಹೊತ್ತನ್ನು ಎಲ್ಲಿಂದ ತರಬೇಕು?

ಸಂಜೆ ನಾಲ್ಕೂವರೆಗೆ ಹೇಮಕೂಟ ಹತ್ತಿದ ಕುಟುಂಬವನ್ನು ನೋಡಿ. ಇಳಿಜಾರು ಬಂಡೆ ತಣಿಯತೊಡಗಿರುತ್ತದೆ. ಚಪ್ಪಲಿ ಬಿಟ್ಟು ಎಲ್ಲರೂ ಕೂತಿರುತ್ತಾರೆ. ರೊಟ್ಟಿ, ಶೇಂಗಾ ಚಟ್ನಿ, ಮೊಸರಿನ ಡಬ್ಬಿ ಹೊರಬರುತ್ತವೆ. ಒಬ್ಬ ಹುಡುಗ ಬಂಡೆಯ ಮೇಲಿನ ಸಣ್ಣ ಗುಡಿಯ ಮೆಟ್ಟಿಲಿಂದ ಜಿಗಿಯುತ್ತಾನೆ, ಅವನ ಅಕ್ಕ ಅಜ್ಜನ ಬೆನ್ನಿಗೆ ಒರಗಿರುತ್ತಾಳೆ, ಕೆಳಗೆ ವಿರೂಪಾಕ್ಷನ ಒಂಬತ್ತು ಅಂತಸ್ತಿನ ಗೋಪುರದ ಮೇಲೆ ಬಿಸಿಲು ಹಳದಿಯಾಗುತ್ತಿರುತ್ತದೆ. ಆಗ ಯಾರೋ ಒಬ್ಬರು ಎದ್ದು ನಾಲ್ಕು ಹೆಜ್ಜೆ ಹಿಂದೆ ಹೋಗಿ ಫೋಟೊ ತೆಗೆಯುತ್ತಾರೆ. ಯಾರೂ ಸಾಲಿನಲ್ಲಿ ಇಲ್ಲ, ಯಾರೂ ಉಸಿರು ಬಿಗಿಹಿಡಿದಿಲ್ಲ, ಅಜ್ಜನ ಬಾಯಲ್ಲಿ ತುತ್ತಿದೆ. ಇಂಥ ಫೋಟೊ ತೆಗೆಯಲು ಮೊದಲು ಆ ಜಾಗದಲ್ಲಿ ಒಂದು ಗಂಟೆ ಕೂತಿರಬೇಕು. ನೋಡುವುದು, ಉಣ್ಣುವುದು, ಫೋಟೊ ತೆಗೆಯುವುದು ಅಲ್ಲಿ ಬೇರೆ ಬೇರೆ ಕೆಲಸಗಳಾಗಿ ಉಳಿಯುವುದಿಲ್ಲ.

ಅದೇ ವಿರೂಪಾಕ್ಷ ಗುಡಿಯೊಳಗೆ ಕತ್ತಲೆಯ ಒಂದು ಕೋಣೆಯಿದೆ. ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಹಾದು, ಹೊರಗಿನ ಗೋಪುರ ಎದುರಿನ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಎಲ್ಲ ಕ್ಯಾಮೆರಾಗಳ ಮೂಲತತ್ವ ಅದು. ಮಕ್ಕಳು ಅದರ ಮುಂದೆ ಕೈ ಅಡ್ಡ ಹಿಡಿಯುತ್ತಾರೆ, ಗೋಪುರವನ್ನು ಅಂಗೈಯಲ್ಲಿ ಹಿಡಿದೆನೆಂದು ಕೂಗುತ್ತಾರೆ, ಅಪ್ಪಂದಿರು ಅದರ ಫೋಟೊ ತೆಗೆಯುತ್ತಾರೆ. ಭೌತಶಾಸ್ತ್ರದ ಇಷ್ಟು ಒಳ್ಳೆಯ ಪಾಠವನ್ನು ನಾನು ಯಾವ ಶಾಲೆಯಲ್ಲೂ ನೋಡಿಲ್ಲ.

ಆದ್ದರಿಂದ ಎರಡು ಬೇಡಿಕೆ. ಹಂಪಿಯಲ್ಲಿ, ಬೇಲೂರಿನಲ್ಲಿ, ಗೋಳಗುಮ್ಮಟದಲ್ಲಿ ಯಾರಾದರೂ ನಿಮ್ಮ ಕೈಗೆ ಮೊಬೈಲು ಕೊಟ್ಟು "ಒಂದು ಫೋಟೊ ತೆಗೀರಿ" ಎಂದರೆ ಬೇಸರಪಡಬೇಡಿ, ಉಪದೇಶ ಮಾಡಬೇಡಿ. ನಾಲ್ಕು ಹೆಜ್ಜೆ ಹಿಂದೆ ಸರಿದು, ಎಲ್ಲರ ಕಾಲೂ ಕಾಣುವಂತೆ, ಗಾಲಿಯೂ ಕಾಣುವಂತೆ ತೆಗೆದುಕೊಡಿ. ಎರಡನೆಯದು ಮನೆಯ ಕೆಲಸ. ನಿಮ್ಮ ಕಪಾಟಿನಲ್ಲಿ ಹಳೆಯ ಪ್ರವಾಸದ ಫೋಟೊಗಳಿದ್ದರೆ ಈ ವಾರವೇ ಹೊರತೆಗೆಯಿರಿ, ಹಿರಿಯರು ಇನ್ನೂ ಇರುವಾಗಲೇ ಕೇಳಿ, ಹಿಂಬದಿಯಲ್ಲಿ ಹೆಸರು, ಊರು, ವರ್ಷ ಬರೆಯಿರಿ. ನಮ್ಮದರ ಹಿಂದೆ ಅಪ್ಪ ಸೀಸದ ಕಡ್ಡಿಯಲ್ಲಿ "ಹಂಪಿ, 1984, ಎಲ್ಲರೂ" ಎಂದಷ್ಟೇ ಬರೆದಿದ್ದ. ಜೋಳಿಗೆಯ ಕೂಸು ಯಾರದ್ದೆಂದು ಅವ್ವನಿಗೆ ಗೊತ್ತಿತ್ತು, ನಾನು ಕೇಳಲಿಲ್ಲ.